ಕಣ್ಣೀರು ಸುಳಿ

ದಿಗಂಬರ ಸೋನವಣೆಯ ವಕೀಲ ಎದ್ದು ನಿಂತು, ಕರಿಕೋಟಿನ ತೋಳು ಸರಿಮಾಡಿಕೊಂಡು, "ಸಾಹೇಬ್ರ, ಈ ಹೆಣ್ಮಗಳು ಕುದುರಿ ಬದಲಾಯಿಸ್ಯಾಳ" ಎಂದಾಗ ನನ್ನ ಮೈ ಉರಿದುಹೋಯಿತು. ಹೋಗಿ ಅವನ ಕತ್ತಿನ ಪಟ್ಟಿ ಹಿಡಿಯಬೇಕೆನ್ನಿಸಿತು. ಹಿಡಿಯಲಿಲ್ಲ. ಅವನ ಕೈಯಲ್ಲಿದ್ದ ಎರಡೂ ಕಾಗದಗಳು ಸರಕಾರಿ ಡಾಕ್ಟರುಗಳೇ ಬರೆದುಕೊಟ್ಟವು, ಎರಡಕ್ಕೂ ಠಸ್ಸೆ ಇತ್ತು. ಅವೆರಡು ಒಂದಕ್ಕೊಂದು ತಾಳೆಯಾಗದಂತೆ ಮಾಡಿದವನು ನಾನು.

ನಾನು ಗುಲಾಬ್, ನಾಲಬಂದ. ಕುದುರೆಗೆ ಲಾಳ ಹೊಡೆಯುವುದು ನನ್ನ ಕಸುಬು. ಮೂವತ್ತು ವರ್ಷದಿಂದ ನಮ್ಮೂರು ದೋಂಡಾಯಿಚಾದ ಸುತ್ತಮುತ್ತಲಿನ ಕುದುರೆಗಳ ಕಾಲುಗಳು ನನ್ನ ತೊಡೆಯ ಮೇಲೆ ಬಂದು ಹೋಗಿವೆ. ಲಾಳದ ಜೊತೆ ಇನ್ನೊಂದು ಕೆಲಸವನ್ನೂ ಮಾಡುತ್ತಿದ್ದೆ. ಅದನ್ನು ಯಾರೂ ಬಾಯಿಬಿಟ್ಟು ಕೇಳುವುದಿಲ್ಲ. ಲಾಳ ಹೊಡೆದು ಮುಗಿದ ಮೇಲೆ ಮಾಲಕ ಅತ್ತ ಇತ್ತ ನೋಡಿ, ಕುದುರೆಯ ಮೈಮೇಲೆ ಒಂದು ಜಾಗಕ್ಕೆ ಬೆರಳಿಡುತ್ತಾನೆ. ನಾನು ಕ್ಷೌರದ ಕತ್ತಿ ತೆಗೆಯುತ್ತೇನೆ.

ಅಲ್ಲಿ ಇರುವುದು ಸುಳಿ. ಒಂದು ರೂಪಾಯಿ ಅಗಲದಷ್ಟು ಕೂದಲು ಸುತ್ತಿಕೊಂಡು ಬೆಳೆದಿರುತ್ತದೆ, ಅಷ್ಟೇ. ಆದರೆ ನಮ್ಮ ಕಡೆ ಕುದುರೆ ಕೊಳ್ಳುವವನು ಹಲ್ಲು ನೋಡುವ ಮೊದಲು ಸುಳಿ ನೋಡುತ್ತಾನೆ. ಎದೆಯ ಮೇಲಿದ್ದರೆ ಒಳ್ಳೆಯದು, ಕತ್ತಿನ ಮೇಲಿದ್ದರೆ ಇನ್ನೂ ಒಳ್ಳೆಯದು. ಕಣ್ಣಿನ ಕೆಳಗೆ, ನೀರು ಇಳಿಯುವ ದಾರಿಯಲ್ಲಿ ಇದ್ದರೆ ಅದು ಕಣ್ಣೀರು ಸುಳಿ. ಅಂಥ ಕುದುರೆ ಕಟ್ಟಿದ ಮನೆಯಲ್ಲಿ ಅಳು ತಪ್ಪುವುದಿಲ್ಲ ಎಂದು ನಂಬಿಕೆ. ಮದುವೆಗೆ ಕರೆಯುವುದು ಹಾಗಿರಲಿ, ಅದರ ಮರಿಯನ್ನು ಪುಕ್ಕಟೆ ಕೊಟ್ಟರೂ ಯಾರೂ ಹೊಡೆದುಕೊಂಡು ಹೋಗುವುದಿಲ್ಲ. ಕತ್ತಿಯಿಂದ ನುಣ್ಣಗೆ ಕೆರೆದು, ಮೇಲೆ ಅಕ್ರೋಟಿನ ಸಿಪ್ಪೆಯ ರಸ ತಿಕ್ಕಿದರೆ ಮೂಗಿಗೆ ಮೂಗು ತಾಗಿಸಿ ನೋಡಿದರೂ ಗೊತ್ತಾಗುವುದಿಲ್ಲ. ಹದಿನೈದು ದಿನಕ್ಕೊಮ್ಮೆ ಮತ್ತೆ ಕೆರೆಯಬೇಕು.

ಶೆವಂತಾಳ ಕುದುರೆ ಲಾಂಡೋರಿಗೆ ಎಡಗಣ್ಣಿನ ಕೆಳಗೆ ಅದೇ ಸುಳಿ.

ಶೆವಂತಾಳ ಗಂಡ ನಾಮದೇವ ನನ್ನ ಜೀವದ ಗೆಳೆಯ. ಆ ಕಂದು ಹೆಣ್ಣು ಕುದುರೆಯನ್ನು ಮರಿಯಾಗಿದ್ದಾಗ ತಂದು, ಹಲಗಿ ಬಡಿತದ ತಾಳಕ್ಕೆ ಹೆಜ್ಜೆ ಹಾಕುವುದನ್ನು ಕಲಿಸಿ, ಹೆಣ್ಣು ನವಿಲೆಂದು ಲಾಂಡೋರ್ ಅಂತ ಹೆಸರಿಟ್ಟ. ಮದುವೆಯ ಮೆರವಣಿಗೆಯಲ್ಲಿ ಕುಣಿಯಲಿಕ್ಕೆ ನಿಂತರೆ ಮದುಮಗನನ್ನು ಬಿಟ್ಟು ಜನ ಅದನ್ನೇ ನೋಡುತ್ತಿದ್ದರು. ನಾಮದೇವ ಕಾಮಾಲೆಯಾಗಿ ಸತ್ತ. ಊರ ಡಾಕ್ಟರು ದವಾಖಾನೆಗೆ ಹೋಗು ಎಂದರೂ ಕೇಳದೆ ನಾಟಿ ಔಷಧಿ ಕುಡಿಯುತ್ತ ಕೂತು ಸತ್ತ. ಹದಿಮೂರನೆಯ ದಿನ ಶೆವಂತಾ ನನ್ನ ಅಂಗಡಿಗೆ ಬಂದು, "ಭಾವೋಜಿ, ಇನ್ನ ಮ್ಯಾಲೂ ಕೆರೀರಿ. ಇದೇ ಅವರನ್ನ ತಿಂತು ಅಂತ ಊರ ಬಾಯಿಗೆ ಬಂದ್ರ ನಾ ಎಲ್ಲಿ ಹೋಗ್ಲಿ?" ಎಂದಳು. ಅವಳು ಸುಳಿಯ ಹೆಸರು ಹೇಳಲಿಲ್ಲ. ಮುಂದಿನ ನಾಲ್ಕು ವರ್ಷವೂ ಹೇಳಲಿಲ್ಲ. ಮಣಿ ಪೋಣಿಸಿದ ಮುಖಪಟ್ಟಿಯನ್ನು ಸರಿಸಿ ಕೆನ್ನೆ ತೋರಿಸುತ್ತಿದ್ದಳು, ನಾನು ಕೆರೆಯುತ್ತಿದ್ದೆ.

ಕುದುರೆ ಸಾಗಿಸುವ ಟೆಂಪೊ ಬೇಕೆಂದರೆ ನಮ್ಮಲ್ಲಿ ಸೋನವಣೆಯ ಹತ್ತಿರವೇ ಹೋಗಬೇಕು. ಬಿಳಿ ಬೂಟು, ಬಿಳಿ ಪ್ಯಾಂಟು, ಬಾಯಲ್ಲಿ ಯಾವಾಗಲೂ ಲವಂಗ. ಅವನಿಗೂ ಒಂದು ಗಂಡು ಕುದುರೆ ಇದೆ, ಮಾಣಿಕ ಅಂತ. ದೊಡ್ಡ ದೊಡ್ಡ ಮನೆಯ ಮದುಮಕ್ಕಳು ಅದರ ಮೇಲೆಯೇ ಕೂರಬೇಕು. ಆ ಮಾಣಿಕನಿಗೂ ನನ್ನ ಕತ್ತಿ ತಾಗುತ್ತಿತ್ತು, ಜೀನಿನ ಪಟ್ಟಿ ಬಿಗಿಯುವ ಜಾಗದಲ್ಲಿ. ಅಲ್ಲಿ ಸುಳಿಯಿದ್ದರೆ ಕೂತವನನ್ನು ಕೆಡವುತ್ತದೆ ಎನ್ನುತ್ತಾರೆ. ಮಾಣಿಕ ಇದುವರೆಗೆ ಯಾರನ್ನೂ ಕೆಡವಿಲ್ಲ, ಪಾಪ, ಅದು ಹಸುವಿಗಿಂತ ಸಾಧು.

ಶೆವಂತಾ ಮಾಲೇಗಾಂವದ ಮದುವೆಗೆ ಲಾಂಡೋರನ್ನು ಒಯ್ಯಲು ಅವನ ಟೆಂಪೊ ಹೇಳಿದಳು. ರಸೀದಿ ಬರೆಸುವಾಗ ತಾನೇ ಪೆನ್ನು ತೆಗೆದುಕೊಂಡು, 'ಒಂದೇ ಕುದುರೆ, ತಳಕ್ಕೆ ಒಂದು ಗೇಣು ಮರಳು, ಬೇರೆ ಮಾಲು ಹಾಕಬಾರದು' ಎಂದು ಬರೆದಳು. ಏಳನೆಯ ತರಗತಿ ಕಲಿತವಳು, ಅಕ್ಷರ ದುಂಡಗೆ. ದನದ ಡಾಕ್ಟರು ಬಂದು ಪ್ರಯಾಣಕ್ಕೆ ಯೋಗ್ಯ ಎಂದು ಚೀಟಿ ಕೊಟ್ಟರು. ಅದರಲ್ಲಿ ಕುದುರೆಯ ಗುರುತು: ಹಣೆಯಲ್ಲಿ ಬಿಳಿ ಪಟ್ಟೆ, ಹಿಂದಿನ ಬಲಗಾಲು ಬಿಳುಪು, ಮುಖದ ಮೇಲೆ ಸುಳಿ ಇಲ್ಲ. ನಾನು ಹಿಂದಿನ ದಿನವೇ ಕೆರೆದಿದ್ದೆ. ಡಾಕ್ಟರು ಕಂಡದ್ದನ್ನು ಬರೆದರು.

ಮದುವೆ ಚೆನ್ನಾಗಿಯೇ ಆಯಿತು. ಮಧ್ಯಾಹ್ನ ವಾಪಸು ಹೊರಟಾಗ ಡ್ರೈವರ್ ಮಾಲೇಗಾಂವದಲ್ಲೇ ಒಂದು ಗೋದಾಮಿನ ಮುಂದೆ ನಿಲ್ಲಿಸಿ, ವಿದ್ಯುತ್ ಮಗ್ಗದ ಕಬ್ಬಿಣದ ಉರುಳೆಗಳನ್ನು ಹೇರಲು ಶುರು ಮಾಡಿದ. ಜಾಗ ಸಾಲದೆ ಮರಳನ್ನು ಸಲಿಕೆಯಿಂದ ರಸ್ತೆಗೆ ಚೆಲ್ಲಿದ. ಶೆವಂತಾ ಟೆಂಪೊದ ಮುಂದೆ ಅಡ್ಡ ನಿಂತು ಕೂಗಾಡಿದಳು. ಡ್ರೈವರ್ ಗೋದಾಮಿನಿಂದ ಶೇಟ್‌ಗೆ ಫೋನು ಹಚ್ಚಿ, ಇವಳ ಕೈಗೂ ಕೊಟ್ಟ.

"ಖಾಲಿ ಗಾಡಿ ತರಾಕ ನಾ ಏನ್ ಧರ್ಮಛತ್ರ ಇಟ್ಟೀನೇನವ್ವಾ? ಹತ್ತೋದಿದ್ರ ಹತ್ತು, ಇಲ್ಲಾ ಕುದುರಿ ಹಿಡ್ಕೊಂಡು ನಡಕೋತ ಬಾ" ಎಂದನಂತೆ ಸೋನವಣೆ.

ಮಾಲೇಗಾಂವದಿಂದ ನಮ್ಮೂರಿಗೆ ಕುದುರೆ ಹಿಡಿದುಕೊಂಡು ನಡೆದು ಬರಲು ಎರಡು ದಿನ ಬೇಕು. ಅವಳು ಹತ್ತಿದಳು. ಧುಳೆ ದಾಟಿದ ಮೇಲೆ ರಸ್ತೆಯ ಉಬ್ಬಿನ ಮೇಲೆ ಗಾಡಿ ಹಾರಿತು. ಹಗ್ಗ ಹರಿದು ಉರುಳೆಯೊಂದು ಉರುಳಿ ಬಂತು. ಬರೀ ತಗಡಿನ ಮೇಲೆ ಲಾಳದ ಕಾಲು ಜಾರಿ ಲಾಂಡೋರ್ ಬಿದ್ದಿತ್ತು, ಏಳುವಷ್ಟರಲ್ಲಿ ಉರುಳೆ ಅದರ ಹಿಂದಿನ ಎಡಗಾಲಿನ ಕೀಲನ್ನು ಗಾಡಿಯ ಗೋಡೆಗೆ ಒತ್ತಿ ಜಜ್ಜಿತು. ಶೆವಂತಾ ಮುಂದಿನ ಸೀಟಿನಿಂದ ಕೂಗುತ್ತಲೇ ಇದ್ದಳಂತೆ. ಡ್ರೈವರ್ ಹಾಡು ಹಚ್ಚಿದ್ದನಂತೆ.

ಇಪ್ಪತ್ತೆರಡು ದಿನ ಧುಳೆಯ ಸರಕಾರಿ ದನದ ದವಾಖಾನೆಯಲ್ಲಿ ಕಟ್ಟಿದರು. ಜೀವ ಉಳಿಯಿತು, ಕುಣಿತ ಹೋಯಿತು. ಆ ಕಾಲನ್ನು ನಾನು ತೊಡೆಯ ಮೇಲಿಟ್ಟುಕೊಂಡು ನೋಡಿದೆ. ಕೀಲು ಬಿಗಿದು ಕಟ್ಟಿಗೆಯಾಗಿತ್ತು. ಇಂಥ ಕಾಲು ಮಾಡಿದವನನ್ನು ಅದೇ ತಗಡಿನ ಮೇಲೆ ನಿಲ್ಲಿಸಿ ಉರುಳೆ ಬಿಡಬೇಕು ಅನ್ನಿಸಿತು. ಈಗಲೂ ಅನ್ನಿಸುತ್ತದೆ.

ಶೆವಂತಾ ಸೋನವಣೆಯ ಹತ್ತಿರ ಪರಿಹಾರ ಕೇಳಲು ಹೋದಾಗ ನಾನೂ ಜೊತೆಗಿದ್ದೆ. ಸೋನವಣೆ ಕುರ್ಚಿಯಿಂದ ಏಳಲೂ ಇಲ್ಲ.

"ರಸೀದಿ ಹಿಂದ ಓದಿಲ್ಲೇನು? 'ಮಾಲು ಮಾಲಕರ ಹೊಣೆ ಮ್ಯಾಲೆ.' ಓದಾಕ ಬರೂದಿಲ್ಲಂದ್ರ ಕುದುರಿ ಯಾಕ ಸಾಕ್ತಿ? ಕುರಿ ಸಾಕು."

"ಹಿಂದಿಂದು ನಾ ಓದೀನ್ರಿ ಶೇಟ್. ಮುಂದ ನಾ ಬರ್ದದ್ದು ನಿಮಗ ಓದಾಕ ಬಂತೇನು?"

"ಹೋಗ್ ಹೋಗವ್ವಾ. ಕೋರ್ಟಿಗೆ ಹೋಗು."

ಹೋದಳು. ವಕೀಲರಿಲ್ಲದೆ ತಾನೇ ಧುಳೆಯ ಗ್ರಾಹಕ ನ್ಯಾಯಮಂಚದಲ್ಲಿ ಅರ್ಜಿ ಹಾಕಿದಳು. ಅಧ್ಯಕ್ಷರು ನಿವೃತ್ತ ನ್ಯಾಯಾಧೀಶರು, ಕಿವಿ ಸ್ವಲ್ಪ ಮಂದ, ತಲೆ ಚುರುಕು. ಸೋನವಣೆಯ ವಕೀಲ ಮೊದಲು, ಇವಳು ಕುದುರೆಯಿಂದ ದುಡಿಯುವವಳು, ಗ್ರಾಹಕಳೇ ಅಲ್ಲ ಎಂದ. ಹೊಟ್ಟೆಪಾಡಿಗೆ ತಾನೇ ದುಡಿಯುವವಳೂ ಗ್ರಾಹಕಳೇ ಎಂದರು ಅಧ್ಯಕ್ಷರು. ಆಮೇಲೆ ರಸೀದಿಯ ಹಿಂದಿನ ಇರುವೆಯಂಥ ಅಕ್ಷರ ತೋರಿಸಿದ. "ಮಾಲಕರ ಹೊಣೆ ಅಂತ ಅಚ್ಚು ಹಾಕ್ಸಿದ್ರ ಸಾಗಿಸೋನ ಬೇಜವಾಬ್ದಾರಿ ತೊಳ್ದು ಹೋಗೂದಿಲ್ಲ, ವಕೀಲ್ರ. ನಿಮ್ಮ ಕೈಯಾಗ ಕೊಟ್ಟ ಜೀವ. ಜತನ ಮಾಡಿದ್ವಿ ಅಂತ ನೀವs ತೋರಿಸ್ಬೇಕು" ಎಂದರು. ನಾನು ಹಿಂದಿನ ಬೆಂಚಿನಲ್ಲಿ ಕೂತು ಮೀಸೆ ತಿರುವಿದೆ. ಶೆವಂತಾ ತಿರುಗಿ ನೋಡಿ ನಕ್ಕಳು.

ಆಗ ಬಂತು ವಕೀಲನ ಮೂರನೆಯ ವಾದ. ಡಾಕ್ಟರರ ಪ್ರಯಾಣದ ಚೀಟಿ ಒಂದು ಕೈಯಲ್ಲಿ, ಧುಳೆ ದವಾಖಾನೆಯ ಕಾಗದ ಇನ್ನೊಂದು ಕೈಯಲ್ಲಿ. ಅದರಲ್ಲಿ ಮುಖದ ಮೇಲೆ ಸುಳಿ ಇಲ್ಲ, ಇದರಲ್ಲಿ ಎಡಗಣ್ಣಿನ ಕೆಳಗೆ ಸುಳಿ ಇದೆ. ದವಾಖಾನೆಯಲ್ಲಿದ್ದ ಇಪ್ಪತ್ತೆರಡು ದಿನದಲ್ಲಿ ನನ್ನ ಕತ್ತಿ ಅಲ್ಲಿಗೆ ಹೋಗಿರಲಿಲ್ಲವಲ್ಲ, ಕೂದಲು ಬೆಳೆದಿತ್ತು, ಬಿಡುಗಡೆಯ ದಿನ ಆ ಡಾಕ್ಟರೂ ಕಂಡದ್ದನ್ನು ಬರೆದಿದ್ದರು. "ನಮ್ಮ ಗಾಡಿ ಹೊತ್ತ ಕುದುರಿಗೆ ಸುಳಿ ಇಲ್ಲ, ಅದು ಸುರಕ್ಷಿತ ಇಳೀತು. ಇದು ಯಾವುದೋ ಕುಂಟು ಕುದುರಿ" ಎಂದ ವಕೀಲ. ಅಧ್ಯಕ್ಷರು ಶೆವಂತಾಳನ್ನು ನೋಡಿದರು. ಅವಳು ಎಂಟು ದಿನ ಸಮಯ ಕೇಳಿದಳು.

ನನಗೆ ಸಿಟ್ಟು ಬಂದದ್ದು ಸುಳ್ಳು ಹೇಳಿದ್ದಕ್ಕಲ್ಲ. ಸುಳ್ಳು ಎಲ್ಲರೂ ಹೇಳುತ್ತಾರೆ. ಸುಳಿ ಹೇಗೆ ಮಾಯವಾಗುತ್ತದೆ, ಹೇಗೆ ತಿರುಗಿ ಬರುತ್ತದೆ ಎಂಬುದು ಸೋನವಣೆಗೆ ಗೊತ್ತಿತ್ತು. ಮೂರೇ ದಿನದ ಹಿಂದೆ ಅವನ ಲಾಯದಲ್ಲಿ ಮಾಣಿಕನ ಹೊಟ್ಟೆಯ ಕೆಳಗೆ ಮಂಡಿಯೂರಿ ಕೂತವನು ನಾನು, ಲವಂಗ ಅಗಿಯುತ್ತ ಮೇಲೆ ನಿಂತವನು ಅವನು. ಗೊತ್ತಿದ್ದೂ ನ್ಯಾಯಮಂಚದ ಕುರ್ಚಿಯಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ!

ಆ ಸಂಜೆ ಶೆವಂತಾಳ ಅಂಗಳಕ್ಕೆ ಹೋದೆ. ಅವಳು ರೊಟ್ಟಿ ಬಡಿಯುತ್ತಿದ್ದಳು. ಲಾಂಡೋರ್ ಮೂರು ಕಾಲಿನ ಮೇಲೆ ಭಾರ ಹಾಕಿ ನಿಂತಿತ್ತು.

"ಬಿಟ್ಟುಬಿಡ್ರಿ ವೈನಿ" ಎಂದೆ. "ಸುಳಿ ಐತಿ ಅಂತ ಅಲ್ಲಿ ಒಪ್ಕೊಂಡ್ರ ನಾಳೆ ಇದರ ಮರಿ ಯಾರ ತಗೋತಾರ? ಕುಣಿಯೂದಂತೂ ಹೋತು, ಮರಿ ಹಾಕಿಸ್ಕೊಂಡಾದ್ರೂ ಹೊಟ್ಟಿ ಹೊರೀಬಹುದು. ನಾಮದೇವನ ಮಾತು ಬ್ಯಾರೆ ತೆಗೀತಾರ."

"ಇದು ನನ್ನ ಚಿಂತಿನೋ, ನಿಮ್ಮ ಚಿಂತಿನೋ?"

ಅವಳು ತವೆಯ ಮೇಲಿನ ರೊಟ್ಟಿಯನ್ನು ತಿರುವಿ ಹಾಕಿದಳು, ಅದು ಹರಿಯಿತು.

"ಹೇಳ್ರಿ. ನಿಮ್ಮನ್ನ ಸಾಕ್ಷಿಗೆ ಕರೀತೀನಿ ಅಂತ ಹೆದರೀರಿ ಹೌದಲ್ಲೋ? ಅರ್ಧ ಊರಿನ ಕುದುರಿ ಕೆರ್ದವರು ನೀವು. ಒಂದು ಮಾತು ಹೊರಗ ಬಿದ್ರ ನಾಳಿಂದ ಯಾರೂ ಕಾಲು ಕೊಡೂದಿಲ್ಲ ನಿಮ್ಮ ಕೈಗೆ."

"ನಂಗೂ ಹೊಟ್ಟಿ ಐತಿ, ವೈನಿ."

"ಇರ್ಲಿ. ಇಟ್ಕೊಳ್ರಿ ನಿಮ್ಮ ಹೊಟ್ಟಿ. ನಾ ಕರಿಯೂದಿಲ್ಲ." ಅವಳು ಎದ್ದು ನಿಂತಳು. ಕೈತುಂಬ ಹಿಟ್ಟು. "ನಾಲ್ಕು ವರ್ಷ, ಭಾವೋಜಿ! ಇದರ ಕೆನ್ನಿ ಮುಚ್ಚಿ ಮುಚ್ಚಿ ನಾನs ಕಳ್ಳಿ ಆದೆ. ಅವರ ಸತ್ತದ್ದು ಕಾಮಾಲ್ಯಾಗ. ಇದರ ಕಾಲು ಮುರ್ದದ್ದು ಕಬ್ಬಿಣ. ಆ ಕಬ್ಬಿಣಕ್ಕ ಸುಳಿ ಇತ್ತೇನು? ಹೇಳ್ರಿ, ಇತ್ತೇನು?"

ಎದ್ದು ಬಂದೆ. ದಾರಿಯುದ್ದಕ್ಕೂ ಅವಳ ಮೇಲೆಯೇ ಸಿಟ್ಟು. ನನ್ನನ್ನು ಹೇಡಿ ಅನ್ನದೆಯೇ ಹೇಡಿ ಮಾಡಿದಳಲ್ಲ ಎಂದು.

ಎಂಟು ದಿನದ ಮೇಲೆ ನ್ಯಾಯಮಂಚದ ಕೋಣೆ ತುಂಬಿತ್ತು. ಕುದುರೆ ಇಟ್ಟ ಮಾಲಕರೆಲ್ಲ ಬಂದಿದ್ದರು. ಬಂದದ್ದು ಶೆವಂತಾಳಿಗಾಗಿ ಅಲ್ಲ. ಸಾರಂಗಖೇಡಾದ ಕುದುರೆ ಸಂತೆಗೆ ಅವರ ಕುದುರೆಗಳು ಸೋನವಣೆಯ ಟೆಂಪೊದಲ್ಲೇ ಹೋಗಬೇಕು, ಅವನ ಕಣ್ಣಿಗೆ ಬೀಳಲು ಬಂದಿದ್ದರು. ನಾನು ಬಾಗಿಲ ಹತ್ತಿರ ನಿಂತೆ, ಬೇಕಾದರೆ ಜಾರಿಕೊಳ್ಳಲು ಅನುಕೂಲವಾಗಲಿ ಎಂದು.

ಶೆವಂತಾ ತಲೆಯ ಮೇಲಿನ ಸೆರಗು ಬಿಗಿ ಮಾಡಿಕೊಂಡು ಎದ್ದಳು.

"ಸಾಹೇಬ್ರ, ಎರಡೂ ಕಾಗದ ಒಂದs ಕುದುರೀವು. ನನ್ನ ಲಾಂಡೋರಿಗೆ ಕಣ್ಣೀರು ಸುಳಿ ಐತಿ. ಹುಟ್ಟಿದಾಗಿಂದ ಐತಿ. ನಾನು ಕೆರೆಸಿ ಮುಚ್ಚತಿದ್ದೆ. ಆ ಚೀಟಿ ಬರೆಸೂ ಹೊತ್ತಿನ್ಯಾಗೂ ಮುಚ್ಚಿದ್ದೆ. ಅದು ನನ್ನ ತಪ್ಪು."

ಹಿಂದಿನಿಂದ ಒಬ್ಬ 'ಅರೆರೆ' ಎಂದ. ಇನ್ನೊಬ್ಬ ಪಕ್ಕದವನ ಕಿವಿಯಲ್ಲಿ, ಆದರೆ ಎಲ್ಲರಿಗೂ ಕೇಳುವಂತೆ, "ಅದಕ್ಕs ನಾಮದೇವ ಹೋದ ನೋಡು" ಎಂದ. ಶೆವಂತಾಳ ಕತ್ತು ಕೆಂಪಾಯಿತು, ಆದರೆ ಅವಳು ಹಿಂತಿರುಗಲಿಲ್ಲ.

ವಕೀಲ ಖುಷಿಯಿಂದ ಜಿಗಿದೆದ್ದ. "ಕೇಳಿದ್ರಿ ಸಾಹೇಬ್ರ! ಸರಕಾರಿ ಕಾಗದಕ್ಕ ಮೋಸ ಮಾಡಿದಾಕಿ. ಈಕಿ ಮಾತು ಯಾರು ನಂಬ್ಬೇಕು? ಕೆರೆಸಿದ್ಲಂತ, ಕೆರ್ದವ್ರು ಯಾರು? ಸಾಕ್ಷಿ ಎಲ್ಲಿ? ಇನ್ನ ಹಂಗೂ ಒಂದು ವ್ಯಾಳೆ ಅದೇ ಕುದುರಿ ಅಂತ ತಿಳ್ಕೊಂಡ್ರೂ, ಕಣ್ಣೀರು ಸುಳಿ ಇರೂ ಕುದುರಿಗೆ ಕೇಡು ಆಗೂದು ಎಲ್ಲಾರಿಗೂ ಗೊತ್ತಿದ್ದದ್ದು. ಅಂಥಾದ್ದು ಹೇಳದs ಗಾಡಿಗೆ ಹತ್ತಿಸಿ, ನಮ್ಮ ಗಾಡಿಗೇ ಅಪಘಾತ ತಂದಾಳ!"

ಬೆಂಚುಗಳ ಮೇಲೆ ತಲೆಗಳು ಆಡಿದವು. ಹೌದು, ಹೌದು. ಅಲ್ಲಿ ಕೂತಿದ್ದ ಹನ್ನೊಂದು ಮಂದಿಯಲ್ಲಿ ಎಂಟು ಮಂದಿಯ ಕುದುರೆಗಳನ್ನು ಕೆರೆದವನು ನಾನು. ಯಾವುದರ ಮೈಮೇಲೆ ಎಲ್ಲಿ ಏನಿದೆ ಎಂದು ಕಣ್ಣು ಮುಚ್ಚಿಕೊಂಡು ಹೇಳಬಲ್ಲೆ. ಆ ಎಂಟೂ ತಲೆಗಳು ಹೌದೆಂದು ಆಡುತ್ತಿದ್ದವು.

"ವಕೀಲ್ರ, ಯಾವುದರ ಒಂದು ಹೇಳ್ರಿ" ಎಂದರು ಅಧ್ಯಕ್ಷರು. "ಕುದುರಿ ಬ್ಯಾರೆನೋ, ಇಲ್ಲಾ ಅದೇ ಕುದುರಿ ಹಣೆಬರಹನೋ?"

"ಬ್ಯಾರೆ, ಸಾಹೇಬ್ರ. ಸಾಕ್ಷಿ ಇಲ್ಲದs ಬ್ಯಾರೆ ಅಂತs ಆಗ್ತದ."

"ಸಾಕ್ಷಿ ಐತಿ."

ಹೇಳಿದವನು ನಾನೇ ಎಂದು ತಿಳಿಯಲು ನನಗೇ ಒಂದು ಕ್ಷಣ ಬೇಕಾಯಿತು. ಎಲ್ಲರೂ ಬಾಗಿಲ ಕಡೆ ತಿರುಗಿದರು. ಜೇಬಿನಿಂದ ಕತ್ತಿ ತೆಗೆದೆ. ಪೊಲೀಸಿನವನು ಓಡಿ ಬಂದು ಕೈ ಹಿಡಿದ. "ಹಿಡ್ಕೊಳ್ರಿ, ಸಾಹೇಬ್ರ ಮೇಜಿನ ಮ್ಯಾಲೆ ಇಡ್ರಿ. ಇದರಲೇ ಕೆರ್ದೀನಿ. ಚೀಟಿ ಬರ್ಯೂ ಹಿಂದಿನ ದಿನ. ಎಡಗಣ್ಣಿನ ಕೆಳಗ" ಎಂದೆ.

ವಕೀಲ ನಕ್ಕ. "ಗೆಳೆಯನ ಹೆಂಡ್ತಿ ಪರವಾಗಿ ಬಂದ್ಯಾ? ಕೆರ್ದ್ರ ಸುಳಿ ಕಾಣೂದಿಲ್ಲ ಅಂತ, ಇಪ್ಪತ್ತು ದಿನಕ್ಕ ತಿರುಗಿ ಬರ್ತದ ಅಂತ, ನಿನ್ನ ಮಾತು ಬಿಟ್ರ ಏನು ಪುರಾವೆ?"

ಸೋನವಣೆಯ ಕಡೆ ನೋಡಿದೆ. ಅವನು ಲವಂಗ ಅಗಿಯುವುದನ್ನು ನಿಲ್ಲಿಸಿದ್ದ. ಕಾಲ ಮೇಲಿನ ಕಾಲು ಕೆಳಗಿಳಿದಿತ್ತು.

"ಪುರಾವೆ ಶೇಟ್‌ರ ಲಾಯದಾಗ ಕಟ್ಟೈತ್ರಿ" ಎಂದೆ. "ಮಾಣಿಕ. ಇವತ್ತs ತಂದು ನೋಡ್ರಿ, ಮೈಮ್ಯಾಲೆ ಕೆಟ್ಟ ಸುಳಿ ಒಂದೂ ಕಾಣೂದಿಲ್ಲ. ಆಮ್ಯಾಲೆ ಇಪ್ಪತ್ತೆರಡು ದಿನ ಸರಕಾರಿ ದವಾಖಾನ್ಯಾಗ ಕಟ್ರಿ. ನನ್ನ ಕತ್ತಿ ನಿಮ್ಮ ಹತ್ರನs ಇರ್ಲಿ. ಇಪ್ಪತ್ಮೂರನೇ ದಿನ ಜೀನಿನ ಪಟ್ಟಿ ಬಿಗಿಯೂ ಜಾಗ ನೋಡ್ರಿ, ಬಲಗಡೆ..."

"ಗುಲಾಬ್ಯಾ!" ಸೋನವಣೆ ಎದ್ದು ನಿಂತಿದ್ದ. "ನಿನ್ನ ನಾಲಿಗಿ ಸೀಳ್ತೀನಿ, ನಾಲಬಂದ್ಯಾ! ನನ್ನ ಅನ್ನ ತಿಂದು..."

"ನಿಮ್ಮ ಅನ್ನ ಅಲ್ರಿ ಶೇಟ್! ನಿಮ್ಮ ಕುದುರಿ ಕಾಲಾಗಿನ ಹೊಲಸು ಬಳ್ದು ದುಡ್ದ ಅನ್ನ! ಎದಿ ಮುಟ್ಕೊಂಡು ಹೇಳ್ರಿ, ಅದು ಲಾಂಡೋರ್ ಹೌದೋ ಅಲ್ಲೋ? ಮಾಣಿಕನ ಸುಳಿ ಮುಚ್ಚಾಕ ಗುಲಾಬ್ಯಾ ಬೇಕು, ಈಕಿ ಸುಳಿ ಮಾತ್ರ ಕಾಗದದಾಗ ತೋರಿಸಿ ಕಳ್ಳಿ ಮಾಡಾಕ ನಾಚಿಕಿ ಬರೂದಿಲ್ಲೇನು?"

ಅಧ್ಯಕ್ಷರು ಮೇಜು ಗುದ್ದಿದರು. ಇಬ್ಬರನ್ನೂ ಹೊರಗೆ ಹಾಕುತ್ತೇನೆ ಎಂದರು. ಕೋಣೆ ಸುಮ್ಮನಾದ ಮೇಲೆ ನಿಧಾನವಾಗಿ, "ವಿಚಾರ ಬರೋಬ್ಬರಿ ಐತಿ. ಶೇಟ್‌ರ ಕುದುರಿನ ಇಪ್ಪತ್ತೆರಡು ದಿನ ದವಾಖಾನಿಗೆ ಕಳಸ್ತೀರೇನು, ವಕೀಲ್ರ? ಡಾಕ್ಟರು ವರದಿ ಕೊಡ್ಲಿ, ಎಲ್ಲಾರ ಮುಂದ ಓದೂಣು" ಎಂದರು.

ವಕೀಲ ಸೋನವಣೆಯ ಹತ್ತಿರ ಬಗ್ಗಿದ. ಪಿಸಪಿಸ ಮಾತು ಬಹಳ ಹೊತ್ತು ನಡೆಯಿತು. ಸೋನವಣೆಯ ಕಣ್ಣು ಬೆಂಚುಗಳ ಮೇಲೆ ಓಡಾಡುತ್ತಿತ್ತು. ಬರುವ ತಿಂಗಳು ಮಾಣಿಕನ ಮೇಲೆ ಮಗನನ್ನು ಕೂರಿಸಲಿದ್ದ ಒಬ್ಬ ದೊಡ್ಡ ಮನುಷ್ಯ ಅಲ್ಲಿಯೇ ಕೂತಿದ್ದ. ಕೊನೆಗೆ ವಕೀಲ ಎದ್ದು, ಯಾರ ಮುಖವನ್ನೂ ನೋಡದೆ, "ಕುದುರಿ ಅದೇ ಅಂತ ನಮ್ಮ ಕಕ್ಷಿದಾರರು ಒಪ್ತಾರ" ಎಂದ.

ಆದೇಶ ಬಂತು. ಒಪ್ಪಂದ ಮುರಿದು ಕಬ್ಬಿಣ ಹೇರಿದ್ದು, ಮರಳು ಚೆಲ್ಲಿದ್ದು, ಹೆಂಗಸು ಬೇಡವೆಂದರೂ ಕೇಳದ್ದು ಸಾಗಣೆದಾರನ ತಪ್ಪು, ಕುದುರೆಗಾದ ಪೆಟ್ಟಿಗೆ ಅವನೇ ಹೊಣೆ ಎಂದು ಬರೆದಿದ್ದರು. ಕೂದಲ ಸುತ್ತಿಗೂ ಅಪಘಾತಕ್ಕೂ ಸಂಬಂಧ ಕಲ್ಪಿಸುವುದನ್ನು ಈ ನ್ಯಾಯಮಂಚ ಕಿವಿಯ ಮೇಲೆ ಹಾಕಿಕೊಳ್ಳುವುದಿಲ್ಲ ಎಂದೂ ಬರೆದಿದ್ದರು. ಗುರುತು ಮುಚ್ಚಿ ಚೀಟಿ ಪಡೆದದ್ದಕ್ಕೆ ಶೆವಂತಾಳಿಗೆ ಛೀಮಾರಿ ಹಾಕಿ, ದಾವೆಯ ಖರ್ಚು ಕೊಡಿಸಲಿಲ್ಲ. ಅವಳು ಆ ಸಾಲನ್ನೂ ಬಿಡದೆ ನನಗೆ ಓದಿ ಹೇಳಿದಳು.

ಇಷ್ಟಾದ ಮೇಲೆ ಮಾಣಿಕನ ಬಗ್ಗೆ ಊರು ಏನು ಹೇಳಿತು ಎಂದು ಕೇಳುತ್ತೀರಾ? ಏನೂ ಇಲ್ಲ. ಆ ದೊಡ್ಡ ಮನುಷ್ಯನ ಮಗ ಅದರ ಮೇಲೆಯೇ ಕೂತು ಮದುವೆಯಾದ. ಎಂಟು ಮಂದಿಗೂ ತಮ್ಮ ತಮ್ಮ ಲಾಯದ ನೆನಪಿತ್ತು, ಮಾಣಿಕನ ಮಾತು ತೆಗೆಯಲು ಯಾರಿಗೂ ಬಾಯಿ ಬರಲಿಲ್ಲ. ಹೆಣ್ಣು ಹೆಂಗಸಿನ ಹೆಣ್ಣು ಕುದುರೆಗೆ ಮಾತ್ರ ಇಂದಿಗೂ 'ಗಂಡನ್ನ ತಿಂದದ್ದು' ಅಂತ ಹೆಸರು. ನನಗೆ ಯಾರೂ ಕಾಲು ಕೊಡುವುದಿಲ್ಲ. ಶಿರಪುರದಿಂದ ಒಬ್ಬ ನಾಲಬಂದನನ್ನು ಕರೆಸುತ್ತಾರೆ. ಮೊಳೆ ಸೊಟ್ಟ ಹೊಡೆಯುತ್ತಾನೆ, ಕುದುರೆಗಳು ಕುಂಟುತ್ತವೆ, ಕಂಡರೆ ಹೊಟ್ಟೆ ಉರಿಯುತ್ತದೆ. ನಾನು ಬಾಗಿಲಿನ ಚಿಲಕ, ಗುದ್ದಲಿ ಬಡಿದು ದಿನ ದೂಡುತ್ತಿದ್ದೇನೆ. ಶೆವಂತಾ ಬಂದ ಪರಿಹಾರದಲ್ಲಿ ಎರಡು ಎಮ್ಮೆ ಕಟ್ಟಿದಳು. ಹಾಲು ಕೊಳ್ಳುವವರು ಎಮ್ಮೆಯ ಸುಳಿ ಕೇಳುವುದಿಲ್ಲ.

ತಿಂಗಳಿಗೊಮ್ಮೆ ಅವಳು ಲಾಂಡೋರನ್ನು ನಿಧಾನವಾಗಿ ನಡೆಸಿಕೊಂಡು ಅಂಗಡಿಗೆ ಬರುತ್ತಾಳೆ. ಕುಂಟು ಕಾಲಿಗೆ ಹಿಮ್ಮಡಿ ಎತ್ತರದ ಲಾಳ ಬೇಕು, ಅದನ್ನು ನಾನೇ ಕಾಸಿ ಬಡಿಯುತ್ತೇನೆ. ಮೊದಲ ಸಲ ಲಾಳ ಮುಗಿದ ಮೇಲೆ ನನ್ನ ಕೈ ತಾನಾಗಿಯೇ ಕತ್ತಿ ಇಡುವ ಗೂಡಿಗೆ ಹೋಯಿತು. ಗೂಡು ಖಾಲಿ. ಕತ್ತಿ ಧುಳೆಯ ನ್ಯಾಯಮಂಚದಲ್ಲೇ ಉಳಿದಿತ್ತು.

"ಏನ್ ಹುಡುಕ್ತೀರಿ?" ಎಂದಳು ಶೆವಂತಾ. ಆಮೇಲೆ ಮಣಿಯ ಮುಖಪಟ್ಟಿಯನ್ನು ಬಿಚ್ಚಿ ತನ್ನ ಹೆಗಲ ಮೇಲೆ ಹಾಕಿಕೊಂಡಳು.

ನಾನು ಲಾಂಡೋರಿನ ಕೆನ್ನೆಗೆ ಬೆರಳಿಟ್ಟೆ. ಕೂದಲು ಒತ್ತಾಗಿ ಬೆಳೆದಿತ್ತು, ಎಡಕ್ಕೆ ಸುತ್ತಿಕೊಂಡು ನಡುವೆ ಒಂದು ಚುಕ್ಕೆಯಾಗಿ ನಿಂತಿತ್ತು, ಮಗುವಿನ ನೆತ್ತಿಯ ಸುಳಿಯ ಹಾಗೆ. ಇಷ್ಟು ವರ್ಷ ನನ್ನ ಕೈಯಲ್ಲೇ ಇದ್ದರೂ ನಾನು ಅದನ್ನು ಒಂದು ಸಲವೂ ಪೂರ್ತಿ ನೋಡಿರಲಿಲ್ಲ. ಬೆಳೆಯಲು ಬಿಟ್ಟಿದ್ದರೆ ತಾನೆ.